ಕೆಮ್ಮಿನ ಸಿರಪ್ಪಿಗೆ ನಿಯಮವಿದೆ, ಹೆಣ್ಣಿನ ದೂರಿಗೆ?

ಆಟಗಾರನ ಮೇಲೆ ಲೈಂಗಿಕ ದೌರ್ಜನ್ಯದ ದೂರು ದಾಖಲಾದ ಮರುದಿನ ಕ್ರೀಡಾ ಸಂಸ್ಥೆ ಏನು ಮಾಡಬೇಕು? ಬೆಂಗಳೂರಿನ ಐಪಿಎಲ್ ತಂಡದಿಂದ ನೀಲಗಿರಿಯ ಮೈದಾನದವರೆಗೆ ಒಂದೇ ಪ್ರಶ್ನೆ

ಪೃಥ್ವಿ ಶಾಗೆ ಆಗ 19 ವರ್ಷ. 2019ರ ಫೆಬ್ರುವರಿಯಲ್ಲಿ ಇಂದೋರಿನಲ್ಲಿ ಸೈಯದ್ ಮುಷ್ತಾಕ್ ಅಲಿ ಟೂರ್ನಿ ಆಡುತ್ತಿದ್ದಾಗ ಉದ್ದೀಪನ ಮದ್ದಿನ ಪರೀಕ್ಷೆಗೆ ಮೂತ್ರದ ಮಾದರಿ ಕೊಟ್ಟರು. ಕೆಮ್ಮಿನ ಸಿರಪ್‌ಗಳಲ್ಲಿ ಇರುವ ಟರ್ಬ್ಯುಟಲಿನ್ ಅದರಲ್ಲಿ ಪತ್ತೆಯಾಯಿತು. ಕೆಮ್ಮಿಗೆಂದು ಕುಡಿದದ್ದು, ಗೊತ್ತಿಲ್ಲದೆ ಆದದ್ದು ಎಂದರು. ಕ್ರಿಕೆಟ್ ಮಂಡಳಿ ಆ ಮಾತನ್ನು ನಂಬಿತು. ನಂಬಿಯೂ ಎಂಟು ತಿಂಗಳು ನಿಷೇಧಿಸಿತು. ಮೈಯೊಳಗೆ ಏನು ಸೇರಿದರೂ ಹೊಣೆ ಆಟಗಾರನದೇ ಎಂದು ನಿಯಮ ಮೊದಲೇ ಬರೆದಿಟ್ಟಿತ್ತು.

ಅದಕ್ಕೆ ಒಂದು ತಿಂಗಳ ಹಿಂದೆ ಇನ್ನೊಂದು ಪ್ರಕರಣ ನಡೆದಿತ್ತು. ಹಾರ್ದಿಕ್ ಪಾಂಡ್ಯ ಮತ್ತು ನಮ್ಮ ಕೆ.ಎಲ್. ರಾಹುಲ್ ‘ಕಾಫಿ ವಿತ್ ಕರಣ್’ ಕಾರ್ಯಕ್ರಮದ ಸೋಫಾದಲ್ಲಿ ಕೂತು ಹೆಂಗಸರ ಬಗ್ಗೆ ಹಗುರವಾಗಿ ಹರಟಿದ್ದು ಜನವರಿ 6ರಂದು ಪ್ರಸಾರವಾಯಿತು. ಅತಿರೇಕದ ಮಾತು ಹೆಚ್ಚಾಗಿ ಪಾಂಡ್ಯ ಅವರದು. 11ಕ್ಕೆ ಇಬ್ಬರೂ ಅಮಾನತು. ಆಸ್ಟ್ರೇಲಿಯಾ ಪ್ರವಾಸದಿಂದಲೇ ವಾಪಸ್. 24ರಂದು ಅಮಾನತು ತೆರವಾಯಿತು. ಏಪ್ರಿಲ್‌ನಲ್ಲಿ ಮಂಡಳಿಯ ಒಂಬುಡ್ಸ್‌ಮನ್ ಡಿ.ಕೆ. ಜೈನ್ ತಲಾ 20 ಲಕ್ಷ ರೂಪಾಯಿ ದಂಡ ಹಾಕಿದರು. ಅಂದರೆ ಮಂಡಳಿಗೆ ಅಧಿಕಾರವೂ ಇದೆ, ಮನಸ್ಸು ಮಾಡಿದರೆ ಐದು ದಿನದಲ್ಲಿ ಅದನ್ನು ಚಲಾಯಿಸಲೂ ಬರುತ್ತದೆ.

ಬಾಯಿಗೆ ಬಂದ ಮಾತಿಗೆ ಐದು ದಿನ ಸಾಕಾಯಿತು. ಪೊಲೀಸ್ ಠಾಣೆಯಲ್ಲಿ ಎಫ್‌ಐಆರ್ ದಾಖಲಾದರೆ?

ಒಂದೇ ತಂಡ, ಎರಡು ತೀರ್ಮಾನ

2024ರ ಮೇ 18ರ ರಾತ್ರಿಯನ್ನು ಆರ್‌ಸಿಬಿ ಅಭಿಮಾನಿಗಳು ಮರೆಯಲಾರರು. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಕೊನೆಯ ಓವರ್. ಚೆನ್ನೈ ಪ್ಲೇಆಫ್‌ಗೆ ಹೋಗಲು 17 ರನ್ ಬೇಕು. ಯಶ್ ದಯಾಳ್ ಹಾಕಿದ ಮೊದಲ ಚೆಂಡನ್ನೇ ಧೋನಿ ಸಿಕ್ಸರ್‌ಗೆ ಎತ್ತಿದರು. ಮರು ಎಸೆತಕ್ಕೆ ಔಟ್. ಉಳಿದ ನಾಲ್ಕು ಎಸೆತಗಳಲ್ಲಿ ಬಿಟ್ಟುಕೊಟ್ಟದ್ದು ಒಂದೇ ರನ್. ಪ್ರಯಾಗರಾಜ್‌ನ ಎಡಗೈ ವೇಗಿ ಅಂದು ಬೆಂಗಳೂರಿನ ಮನೆಮಗನಾದ. ಮುಂದಿನ ಋತುವಿಗೆ ತಂಡ 5 ಕೋಟಿ ಕೊಟ್ಟು ಉಳಿಸಿಕೊಂಡಿತು. 2025ರ ಜೂನ್ 3ರಂದು 18 ವರ್ಷಗಳ ಕಾಯುವಿಕೆ ಮುಗಿದು ಕಪ್ ಬಂದಾಗ ಆತನೂ ಆ ಸಂಭ್ರಮದ ನಡುವೆ ಇದ್ದ.

ಒಂದು ತಿಂಗಳು ಕಳೆಯುತ್ತಿದ್ದಂತೆ, ಜುಲೈ 6ರಂದು, ಗಾಜಿಯಾಬಾದ್‌ನ ಇಂದಿರಾಪುರಂ ಠಾಣೆಯಲ್ಲಿ ಆತನ ವಿರುದ್ಧ ಪ್ರಕರಣ ದಾಖಲಾಯಿತು. ಮದುವೆಯಾಗುವುದಾಗಿ ನಂಬಿಸಿ ವರ್ಷಗಟ್ಟಲೆ ಲೈಂಗಿಕವಾಗಿ ಬಳಸಿಕೊಂಡ ಎಂಬುದು ದೂರು. ಭಾರತೀಯ ನ್ಯಾಯ ಸಂಹಿತೆಯ 69ನೇ ಕಲಂ ಪ್ರಕಾರ ಅದಕ್ಕೆ ಹತ್ತು ವರ್ಷದವರೆಗೆ ಜೈಲು. ಅಲಹಾಬಾದ್ ಹೈಕೋರ್ಟ್ ಬಂಧನಕ್ಕೆ ತಡೆ ಕೊಟ್ಟಿತು. ಅದೇ ತಿಂಗಳು ಜೈಪುರದಲ್ಲಿ ಇನ್ನೊಂದು ದೂರು ದಾಖಲಾಯಿತು. ಕ್ರಿಕೆಟ್‌ನಲ್ಲಿ ಮುಂದೆ ತರುತ್ತೇನೆಂದು ನಂಬಿಸಿ, ತಾನು ಅಪ್ರಾಪ್ತೆಯಾಗಿದ್ದಾಗಲೇ ದೌರ್ಜನ್ಯ ಎಸಗಿದ ಎಂದು ಯುವತಿ ಹೇಳಿದ್ದರಿಂದ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆಯೂ ಸೇರಿತು. ರಾಜಸ್ಥಾನ ಹೈಕೋರ್ಟ್ ಆಗಸ್ಟ್‌ನಲ್ಲಿ ತಕ್ಷಣದ ತಡೆ ನಿರಾಕರಿಸಿತು. ಡಿಸೆಂಬರ್‌ನಲ್ಲಿ ಜೈಪುರದ ಪೋಕ್ಸೊ ನ್ಯಾಯಾಲಯ ನಿರೀಕ್ಷಣಾ ಜಾಮೀನು ಅರ್ಜಿಯನ್ನು ವಜಾ ಮಾಡಿತು. ಆರೋಪಗಳನ್ನು ದಯಾಳ್ ಅಲ್ಲಗಳೆದಿದ್ದಾರೆ. ಜಾಮೀನು ಸಿಕ್ಕಿದರೆ ನಿರ್ದೋಷಿ ಎಂದಲ್ಲ, ಸಿಗದಿದ್ದರೆ ಅಪರಾಧಿ ಎಂದೂ ಅಲ್ಲ. ಸರಿ ತಪ್ಪು ಹೇಳುವುದು ವಿಚಾರಣೆ ಮಾತ್ರ.

ಆದರೆ ಈ ಲೇಖನದ ಪ್ರಶ್ನೆ ನ್ಯಾಯಾಲಯದ್ದಲ್ಲ, ಮೈದಾನದ್ದು. ಆ ವರ್ಷ ಉತ್ತರ ಪ್ರದೇಶದ ಟಿ20 ಲೀಗ್‌ನಲ್ಲಿ ಆತ ಆಡಲಿಲ್ಲ. ನವೆಂಬರ್‌ನಲ್ಲಿ ಆರ್‌ಸಿಬಿ 2026ರ ಋತುವಿಗೆ ಉಳಿಸಿಕೊಂಡವರ ಪಟ್ಟಿಯಲ್ಲಿ ಆತನ ಹೆಸರಿತ್ತು. ಒಂದು ಕಡೆ ಬಾಗಿಲು ಮುಚ್ಚಿತು, ಇನ್ನೊಂದು ಕಡೆ ತೆರೆದೇ ಇತ್ತು. ಇಂಥ ಪಟ್ಟಿಗಳಲ್ಲಿ ಹೆಸರು ಇರುತ್ತದೆ, ಕಾರಣ ಇರುವುದಿಲ್ಲ.

ಇದೇ ತಂಡ ಅದಕ್ಕೆ 13 ವರ್ಷ ಹಿಂದೆ ಬೇರೆ ರೀತಿ ನಡೆದುಕೊಂಡಿತ್ತು. 2012ರ ಮೇ 17ರಂದು ದೆಹಲಿಯ ಕೋಟ್ಲಾದಲ್ಲಿ ಕ್ರಿಸ್ ಗೇಲ್ 128 ರನ್ ಚಚ್ಚಿದ ಪಂದ್ಯ. ಗೆದ್ದ ರಾತ್ರಿ ಹೋಟೆಲಿನಲ್ಲಿ ಪಾರ್ಟಿ. ಬೆಳಗಾಗುವಷ್ಟರಲ್ಲಿ ಆಸ್ಟ್ರೇಲಿಯಾದ ಬ್ಯಾಟರ್ ಲ್ಯೂಕ್ ಪೋಮರ್ಸ್‌ಬಾಕ್ ಪೊಲೀಸರ ವಶದಲ್ಲಿದ್ದರು. ಅಮೆರಿಕದ ಮಹಿಳೆಯೊಬ್ಬರ ಜತೆ ಅಸಭ್ಯವಾಗಿ ವರ್ತಿಸಿ, ಆಕೆಯ ಭಾವಿ ಪತಿಗೆ ಹೊಡೆದರೆಂಬುದು ದೂರು. ಫ್ರಾಂಚೈಸಿ ಕೂಡಲೇ ಆತನನ್ನು ಅಮಾನತು ಮಾಡಿತು. ಮೆಚ್ಚಬೇಕಾದ ನಡೆಯೇ. ಆದರೆ ಅದೇ ಹೊತ್ತಿಗೆ ಮಾಲೀಕರ ಮಗ ಸಿದ್ಧಾರ್ಥ ಮಲ್ಯ ಟ್ವಿಟ್ಟರ್‌ನಲ್ಲಿ ದೂರು ಕೊಟ್ಟವಳ ನಡತೆಯನ್ನೇ ಆಡಿಕೊಂಡು ಟೀಕೆಗೆ ಗುರಿಯಾದರು. ಕೆಲವೇ ದಿನಗಳಲ್ಲಿ ರಾಜಿಯಾಗಿ ದೆಹಲಿ ಹೈಕೋರ್ಟ್ ಎಫ್‌ಐಆರ್ ರದ್ದುಪಡಿಸಿತು. ಮರುವರ್ಷದ ಹರಾಜಿನಲ್ಲಿ ಪಂಜಾಬ್ ತಂಡ ಪೋಮರ್ಸ್‌ಬಾಕ್‌ರನ್ನು 3 ಲಕ್ಷ ಡಾಲರ್‌ಗೆ ಕೊಂಡಿತು.

ಎರಡೂ ಪ್ರಕರಣ ಒಂದೇ ಅಲ್ಲ. ಅಂದು ಬಂಧನವಾಗಿತ್ತು, ಮಾಲೀಕತ್ವವೂ ಬೇರೆ. ಆದರೂ ಎರಡನ್ನೂ ಅಕ್ಕಪಕ್ಕ ಇಟ್ಟರೆ ಒಂದು ಕೊರತೆ ಎದ್ದು ಕಾಣುತ್ತದೆ. ಎಫ್‌ಐಆರ್ ದಾಖಲಾದಾಗ ಇಂಥದ್ದು ಮಾಡಬೇಕು, ಆರೋಪಪಟ್ಟಿ ಸಲ್ಲಿಕೆಯಾದಾಗ ಇಂಥದ್ದು ಎಂಬ ಮೆಟ್ಟಿಲುಗಳಿಲ್ಲ. ಹಾಗಾಗಿ ಕೈಬಿಟ್ಟಾಗಲೂ ಉಳಿಸಿಕೊಂಡಾಗಲೂ ಲೆಕ್ಕ ಹಾಕಿದ್ದು ಯಾವುದು, ಹೆಣ್ಣಿನ ಘನತೆಯೋ ತಂಡದ ಬಲವೋ ಎಂಬ ಅನುಮಾನ ಜನರಲ್ಲಿ ಉಳಿಯುತ್ತದೆ.

ಜ್ಞಾನಭಾರತಿಯ ಹಾಸ್ಟೆಲು

ಕ್ರಿಕೆಟ್ ಬಿಟ್ಟು ಹಾಕಿಗೆ ಬರೋಣ. ಬೆಂಗಳೂರಿನ ಜ್ಞಾನಭಾರತಿ ಆವರಣದಲ್ಲಿರುವ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರ, ಎಲ್ಲರ ಬಾಯಲ್ಲಿ ‘ಸಾಯ್’, ರಾಷ್ಟ್ರೀಯ ಹಾಕಿ ಶಿಬಿರಗಳ ತವರು. 2024ರ ಫೆಬ್ರುವರಿಯಲ್ಲಿ ಜ್ಞಾನಭಾರತಿ ಠಾಣೆಯಲ್ಲಿ ಯುವತಿಯೊಬ್ಬರ ದೂರಿನ ಮೇಲೆ ವರುಣ್ ಕುಮಾರ್ ವಿರುದ್ಧ ಪೋಕ್ಸೊ ಪ್ರಕರಣ ದಾಖಲಾಯಿತು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದ ಡಿಫೆಂಡರ್, ಅರ್ಜುನ ಪ್ರಶಸ್ತಿ ಪಡೆದವರು, ಪಂಜಾಬ್ ಪೊಲೀಸ್‌ನಲ್ಲಿ ಡಿಎಸ್‌ಪಿ. ಇದು ಹಣ ಕೀಳುವ ಹುನ್ನಾರ ಎಂದು ಅವರು ಹಾಕಿ ಇಂಡಿಯಾಗೆ ಪತ್ರ ಬರೆದು, ಕಾನೂನು ಹೋರಾಟಕ್ಕೆ ರಜೆ ಕೇಳಿದರು. ಸಂಸ್ಥೆ ರಜೆ ಕೊಟ್ಟಿತು. ಭುವನೇಶ್ವರದಲ್ಲಿ ಪ್ರೊ ಲೀಗ್ ಶುರುವಾಗುವ ಹೊತ್ತು ಅದು. ಮುಂದೆ ಪ್ಯಾರಿಸ್ ಒಲಿಂಪಿಕ್ಸ್ ತಂಡದಲ್ಲಿ ಅವರಿರಲಿಲ್ಲ. ಅಕ್ಟೋಬರ್‌ನಲ್ಲಿ ಜರ್ಮನಿ ವಿರುದ್ಧದ ಸರಣಿಗೆ ಮರಳಿದರು.

ಇಲ್ಲಿ ಬಳಕೆಯಾದ ಪದ ಗಮನಿಸಿ: ರಜೆ. ಅಮಾನತೂ ಅಲ್ಲ, ವಿಚಾರಣೆಯೂ ಅಲ್ಲ. ಕೇಳಿದವನಿಗೆ ಕೊಟ್ಟದ್ದು. ಕೇಳದಿದ್ದರೆ? ಒಲಿಂಪಿಕ್ಸ್ ಕೈತಪ್ಪುವುದು ಆಟಗಾರನಿಗೆ ಸಣ್ಣ ಪೆಟ್ಟಲ್ಲ. ಆ ಪೆಟ್ಟು ಯಾವ ಕಲಮಿನಡಿ ಬಿತ್ತು, ವಾಪಸಾತಿ ಯಾವ ಕಲಮಿನಡಿ ಆಯಿತು ಎಂಬುದು ಲಿಖಿತ ನಿಯಮದಲ್ಲಿದ್ದಿದ್ದರೆ ಆರೋಪಿಗೂ ದೂರುದಾರೆಗೂ ತಮ್ಮ ತಮ್ಮ ಜಾಗ ತಿಳಿಯುತ್ತಿತ್ತು.

ಹೆಸರಾಂತ ಆಟಗಾರರ ಸುದ್ದಿ ಮುಖಪುಟಕ್ಕೆ ಬರುತ್ತದೆ. ಬಾರದ್ದು ಬಹಳ. 2010ರಿಂದ ಹತ್ತು ವರ್ಷಗಳಲ್ಲಿ ದೇಶದ ಸಾಯ್ ಕೇಂದ್ರಗಳಲ್ಲಿ ಲೈಂಗಿಕ ಕಿರುಕುಳದ 45 ದೂರು ದಾಖಲಾಗಿದ್ದವೆಂದು ಮಾಹಿತಿ ಹಕ್ಕಿನಡಿ 2020ರಲ್ಲಿ ಹೊರಬಂತು. ಅವುಗಳಲ್ಲಿ 29 ಕೋಚ್‌ಗಳ ಮೇಲಿನವು. ನಿಜವಾದ ಸಂಖ್ಯೆ ಇನ್ನೂ ಹೆಚ್ಚಿರಬಹುದೆಂದು ಸಂಸದೀಯ ಸಮಿತಿ ಅದಕ್ಕೂ ಮುನ್ನವೇ ಹೇಳಿತ್ತು. ತಂಡಕ್ಕೆ ಆರಿಸುವವನೂ ಕೋಚೇ, ಹಾಸ್ಟೆಲಿನ ಕೀ ಇರುವುದೂ ಅವನ ಕೈಯಲ್ಲೇ, ಸರ್ಟಿಫಿಕೇಟಿಗೆ ಸಹಿ ಹಾಕುವವನೂ ಅವನೇ ಆದರೆ ಹುಡುಗಿ ಬಾಯಿ ಬಿಡುವುದು ಯಾರ ಮುಂದೆ?

ಘಾಟಿಯ ಮೇಲಿನ ಮೈದಾನ

ಗುಂಡ್ಲುಪೇಟೆ ದಾಟಿ, ಬಂಡೀಪುರ, ಮುದುಮಲೆ ಹಾದು ನೀಲಗಿರಿಗೆ ಹೋದರೂ ಕನ್ನಡ ಕಿವಿಗೆ ಬೀಳುತ್ತದೆ, ಕನ್ನಡದ ನಂಟಿನ ಬಡಗ ನುಡಿಯೂ. ಉದಕಮಂಡಲದ ಎಚ್‌ಎಡಿಪಿ ಮೈದಾನದಲ್ಲಿ ಸಿಂಥೆಟಿಕ್ ಟ್ರ್ಯಾಕ್ ಇದೆ. ಸಮುದ್ರಮಟ್ಟಕ್ಕಿಂತ 2,200 ಮೀಟರಿಗೂ ಎತ್ತರ, ಗಾಳಿ ತೆಳು. ಉಸಿರಿನ ಶಕ್ತಿ ಹೆಚ್ಚಿಸಿಕೊಳ್ಳಲು ಓಟಗಾರರು ಬಯಸುವ ಜಾಗ. ಇಂಥ ಕಡೆ ಅಭ್ಯಾಸಕ್ಕೆ ಬರುವ ಮಸಿನಗುಡಿ ಅಥವಾ ಗೂಡಲೂರಿನ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ. ಸೀನಿಯರ್ ಆಟಗಾರನೋ ಕೋಚೋ ಮಿತಿ ಮೀರಿದರೆ ಅವಳು ಎಲ್ಲಿಗೆ ಹೋಗಬೇಕು?

ಕಾನೂನಿನಲ್ಲಿ ಉತ್ತರವಿದೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಹೆಸರಿಗೆ ಕಚೇರಿಯದು. ಆದರೆ ಕ್ರೀಡಾ ಸಂಸ್ಥೆ, ಕ್ರೀಡಾಂಗಣ, ಸ್ಪರ್ಧೆ ನಡೆಯುವ ಜಾಗ ಇವೆಲ್ಲವನ್ನೂ ಅದು ಹೆಸರಿಟ್ಟೇ ಸೇರಿಸಿಕೊಂಡಿದೆ. ದೂರು ಕೊಡುವವಳು ಅಲ್ಲಿ ಸಂಬಳಕ್ಕೆ ಇರಬೇಕೆಂದಿಲ್ಲ, ಕಲಿಯಲು ಬಂದವಳಾದರೂ ಸಾಕು. ಹತ್ತು ಅಥವಾ ಹೆಚ್ಚು ಮಂದಿ ಕೆಲಸ ಮಾಡುವಲ್ಲಿ ಆಂತರಿಕ ಸಮಿತಿ ಇರಲೇಬೇಕು. ಅಧ್ಯಕ್ಷೆ ಮಹಿಳೆ, ಅರ್ಧದಷ್ಟಾದರೂ ಸದಸ್ಯರು ಮಹಿಳೆಯರು, ಹೊರಗಿನವರೊಬ್ಬರು. ಊರಿನ ಸಣ್ಣ ಅಕಾಡೆಮಿಯಲ್ಲಿ ಹತ್ತು ಮಂದಿ ಎಲ್ಲಿ? ಅಲ್ಲಿಗೆ ಜಿಲ್ಲೆಯ ಸ್ಥಳೀಯ ಸಮಿತಿ ಇದೆ. ಅಕಾಡೆಮಿಯ ಯಜಮಾನನ ಮೇಲೆಯೇ ದೂರಿದ್ದರೂ ಹೋಗಬೇಕಾದದ್ದು ಅಲ್ಲಿಗೇ. ಗ್ರಾಮೀಣ ಮತ್ತು ಬುಡಕಟ್ಟು ಪ್ರದೇಶಗಳಲ್ಲಿ ತಾಲ್ಲೂಕಿಗೊಬ್ಬ ನೋಡಲ್ ಅಧಿಕಾರಿ ದೂರು ಪಡೆದು ಏಳು ದಿನದೊಳಗೆ ಸಮಿತಿಗೆ ಕಳಿಸಬೇಕು. ಕಾಯ್ದೆ ಕಾಗದದಲ್ಲಿರುವಂತೆ ನಡೆದರೆ, ಮಸಿನಗುಡಿಯ ಹುಡುಗಿ ದೂರು ಹಿಡಿದು ಕಲ್ಹಟ್ಟಿ ಘಾಟಿಯ 36 ತಿರುವು ಹತ್ತಬೇಕಾಗಿಲ್ಲ.

18 ತುಂಬದವಳಾದರೆ ನೇರ ಪೋಕ್ಸೊ. ಅಲ್ಲಿ ಗೊತ್ತಿದ್ದೂ ಸುಮ್ಮನಿರುವುದೇ ಅಪರಾಧ. ವಿಷಯ ತಿಳಿದ ಯಾರೇ ಆದರೂ ಪೊಲೀಸರಿಗೆ ಹೇಳಬೇಕು. ತನ್ನ ಕೈಕೆಳಗಿನವನ ಕೃತ್ಯ ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೆ ಜೈಲು. ‘ಮನೆಯ ಮಾತು ಮನೆಯಲ್ಲೇ ಇರಲಿ, ಹುಡುಗಿಯ ಭವಿಷ್ಯದ ಪ್ರಶ್ನೆ’ ಎಂದು ರಾಜಿಗೆ ಕೂರಿಸುವ ಹಿರಿಯರು ಇದನ್ನು ತಿಳಿದಿರುವುದು ಒಳ್ಳೆಯದು.

2013ರ ಕಾಯ್ದೆ ಜಾರಿಯಾಗಿ ಹತ್ತು ವರ್ಷವಾದರೂ ದೊಡ್ಡವರೇ ಅದನ್ನು ಪಾಲಿಸಿರಲಿಲ್ಲ. 2023ರಲ್ಲಿ ಕುಸ್ತಿಪಟುಗಳು ಲೈಂಗಿಕ ಕಿರುಕುಳದ ವಿರುದ್ಧ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತ ಮೇಲೆ, ಅನೇಕ ರಾಷ್ಟ್ರೀಯ ಫೆಡರೇಷನ್‌ಗಳಲ್ಲಿ ಸರಿಯಾದ ಸಮಿತಿಯೇ ಇಲ್ಲವೆಂಬುದು ಬಯಲಾಗಿ, ಮಾನವ ಹಕ್ಕುಗಳ ಆಯೋಗ ನೋಟಿಸ್ ಕೊಡಬೇಕಾಯಿತು.

ಆರೋಪಿಗೂ ನ್ಯಾಯ ಬೇಕು

ಸುಳ್ಳು ದೂರಾದರೆ ಹುಡುಗನ ಬದುಕು ಹಾಳಲ್ಲವೇ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಆಟಗಾರನ ದುಡಿಮೆಯ ಕಾಲ ಹತ್ತು ಹನ್ನೆರಡು ವರ್ಷ. ಅದರಲ್ಲಿ ಎರಡು ವರ್ಷ ಕೋರ್ಟಿಗೆ ಹೋದರೆ ಮರಳಿ ಬರುವುದಿಲ್ಲ. ಅದಕ್ಕೇ ನಿಯಮ ಬೇಕೆನ್ನುವುದು.

2022ರ ನವೆಂಬರ್ 6ರಂದು ಟಿ20 ವಿಶ್ವಕಪ್ ನಡುವೆ ಶ್ರೀಲಂಕಾದ ದನುಷ್ಕ ಗುಣತಿಲಕ ಲೈಂಗಿಕ ದೌರ್ಜನ್ಯದ ಆರೋಪದಲ್ಲಿ ಸಿಡ್ನಿಯಲ್ಲಿ ಬಂಧನಕ್ಕೊಳಗಾದರು. ಮಂಡಳಿ ಮರುದಿನವೇ ಎಲ್ಲ ಮಾದರಿಗಳಿಂದ ಅಮಾನತು ಮಾಡಿತು. 2023ರ ಸೆಪ್ಟೆಂಬರ್ 28ರಂದು ನ್ಯಾಯಾಲಯ ನಿರ್ದೋಷಿ ಎಂದಿತು. ಅಕ್ಟೋಬರ್‌ನಲ್ಲೇ ಮಂಡಳಿ ಅಮಾನತು ತೆಗೆಯಿತು. ಹನ್ನೊಂದು ತಿಂಗಳು ಕಳೆದುಕೊಂಡರು, ನಿಜ. ಆದರೆ ಬಾಗಿಲು ಯಾವಾಗ ಮುಚ್ಚಿತು, ಯಾಕೆ ತೆರೆಯಿತು ಎಂಬುದರಲ್ಲಿ ಗುಟ್ಟಿರಲಿಲ್ಲ.

ನೇಪಾಳದ ಕ್ರಿಕೆಟಿಗ ಸಂದೀಪ್ ಲಾಮಿಛಾನೆ ಕಥೆ ಇದಕ್ಕೆ ತದ್ವಿರುದ್ಧ. ಇಂಥದೇ ದೂರಿನ ಮೇಲೆ 2022ರಲ್ಲಿ ಅಮಾನತು. ವಿಚಾರಣೆ ಮುಗಿಯುವ ಮುಂಚೆಯೇ 2023ರಲ್ಲಿ ಅಮಾನತು ತೆರವು. ಮೈದಾನಕ್ಕೆ ಬಂದಾಗ ಸ್ಕಾಟ್ಲೆಂಡ್, ನಮೀಬಿಯಾ ಆಟಗಾರರು ಕೈಕುಲುಕಲಿಲ್ಲ. 2024ರ ಜನವರಿಯಲ್ಲಿ ಜಿಲ್ಲಾ ನ್ಯಾಯಾಲಯ ಎಂಟು ವರ್ಷ ಶಿಕ್ಷೆ ಕೊಟ್ಟಿತು. ಮೇ ತಿಂಗಳಲ್ಲಿ ಪಾಟನ್ ಹೈಕೋರ್ಟ್ ಖುಲಾಸೆ ಮಾಡಿತು. ಒಳಗೆ, ಹೊರಗೆ, ಮತ್ತೆ ಒಳಗೆ ಎಂಬ ಈ ಓಡಾಟದಲ್ಲಿ ಆಟಗಾರನಿಗೂ ನೆಮ್ಮದಿಯಿಲ್ಲ, ದೂರು ಕೊಟ್ಟವಳಿಗೂ ಇಲ್ಲ.

2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಸುರಕ್ಷಿತ ಕ್ರೀಡಾ ನೀತಿ, ಕುಂದುಕೊರತೆ ನಿವಾರಣೆ, ಕ್ರೀಡಾ ನ್ಯಾಯಮಂಡಳಿ ಇವನ್ನೆಲ್ಲ ಹೇಳಿದೆ. ನೀತಿ ಬರೆಯುವ ಕೈಗಳು ಮೂರು ಸಂಗತಿ ಬರೆದರೆ ಸಾಕು. ಎಫ್‌ಐಆರ್ ದಾಖಲಾದ ಇಂತಿಷ್ಟು ದಿನದೊಳಗೆ ಸ್ವತಂತ್ರ ಸಮಿತಿ ಎರಡೂ ಕಡೆ ಕೇಳಿ, ತಾತ್ಕಾಲಿಕ ಅಮಾನತು ಬೇಕೋ ಬೇಡವೋ ಹೇಳಲಿ. ಅಪ್ರಾಪ್ತರ ವಿಷಯವಾದರೆ ತೀರ್ಮಾನವಾಗುವವರೆಗೆ ಮಕ್ಕಳಿರುವ ಶಿಬಿರ, ಹಾಸ್ಟೆಲುಗಳಿಂದ ಆತ ದೂರವಿರಲಿ. ಖುಲಾಸೆಯಾದರೆ ಅಮಾನತು ತಾನಾಗಿ ರದ್ದಾಗಲಿ. ಅಮಾನತು ಶಿಕ್ಷೆಯಲ್ಲ, ಕಾಯುವ ವ್ಯವಸ್ಥೆ. ಸರ್ಕಾರಿ ನೌಕರನಿಗೆ ಅನ್ವಯವಾಗುವುದು ಕೋಟಿ ಬೆಲೆಯ ಬೌಲರ್‌ಗೆ ಅನ್ವಯವಾಗಬಾರದೇಕೆ?

ಅದು ದೆಹಲಿ, ಮುಂಬೈಯವರ ಕೆಲಸ. ನಮ್ಮ ಕೈಯಲ್ಲಿ ಇರುವುದೂ ಒಂದಿದೆ. ಆಂತರಿಕ ಸಮಿತಿ ರಚಿಸಿದ ಆದೇಶವನ್ನು ಎಲ್ಲರಿಗೂ ಕಾಣುವ ಕಡೆ ಹಾಕಬೇಕೆಂದು 2013ರ ಕಾಯ್ದೆ ಹೇಳುತ್ತದೆ. ರಚಿಸದ ಸಂಸ್ಥೆಗೆ 50,000 ರೂಪಾಯಿವರೆಗೆ ದಂಡ. ನಾಳೆ ಬೆಳಿಗ್ಗೆ ಮಗಳನ್ನು ಮೈದಾನಕ್ಕೆ ಬಿಡುವಾಗ ಅಕಾಡೆಮಿಯ ಗೋಡೆಯನ್ನೊಮ್ಮೆ ನೋಡಿ. ಫೀಸಿನ ಪಟ್ಟಿ ಇದ್ದೇ ಇರುತ್ತದೆ. ಅದರ ಪಕ್ಕ ಸಮಿತಿಯವರ ಹೆಸರು ಕಾಣದಿದ್ದರೆ, ಫೀಸು ಕಟ್ಟುವ ಮುಂಚೆ ಕೇಳಿ.