ನಾದಸ್ನಾನ: ಮನಸ್ಸಿಗೆ ವಿಶ್ರಾಂತಿ, ವ್ಯಾಪಾರಕ್ಕೆ ವಿವೇಕ

ಅಂಗಡಿಯ ಬಾಗಿಲು ಹಾಕುವುದು ಸುಲಭ; ಮನಸ್ಸಿನಲ್ಲಿ ತೆರೆದಿರುವ ಖಾತೆಪುಸ್ತಕವನ್ನು ಮುಚ್ಚುವುದು ಕಷ್ಟ. ಬಾಕಿ ವಸೂಲಿ, ಬ್ಯಾಂಕಿನ ಕಂತು, ತೆರಿಗೆ ವಿವರ ಸಲ್ಲಿಸುವ ಕೊನೆಯ ದಿನ ಇವೆಲ್ಲವೂ ವರ್ತಕನನ್ನು ಹಾಸಿಗೆಯವರೆಗೂ ಹಿಂಬಾಲಿಸುತ್ತವೆ. ಈ ಒತ್ತಡಕ್ಕೆ ಪರಿಹಾರವೆಂದು ನಗರಗಳಲ್ಲಿ ಪ್ರಚಾರಕ್ಕೆ ಬಂದಿರುವ ಪದ್ಧತಿಗಳಲ್ಲಿ ‘ಸೌಂಡ್ ಬಾತ್’ ಅಥವಾ ನಾದಸ್ನಾನವೂ ಒಂದು. ಇಲ್ಲಿ ನೀರಿಲ್ಲ, ಲೋಹದ ಬಟ್ಟಲುಗಳ ನಾದವೇ ಸ್ನಾನ.

ಮುಂಡಗೋಡ ತಾಲ್ಲೂಕಿನ ಇಂದೂರ ಮೂಲದ ಭಾಂಡೆ ವ್ಯಾಪಾರಿಯೊಬ್ಬರು ಹುಬ್ಬಳ್ಳಿಯ ಇಂಥದೊಂದು ಶಿಬಿರಕ್ಕೆ ಮೊದಲ ಬಾರಿಗೆ ಹೋದದ್ದು ಎರಡು ಕಾರಣಗಳಿಂದ. ಒಂದು, ತಿಂಗಳುಗಳಿಂದ ಕಾಡುತ್ತಿದ್ದ ನಿದ್ರಾಹೀನತೆ. ಇನ್ನೊಂದು, ನಲವತ್ತು ನಾದ ಬಟ್ಟಲುಗಳನ್ನು ಮುಂಗಡ ಹಣ ಕೊಟ್ಟು ಕೊಳ್ಳಬೇಕೆಂಬ ಸಗಟು ಮಾರಾಟಗಾರರ ಒತ್ತಾಯ. ಒಪ್ಪಿದರೆ ಮದುವೆ ಹಂಗಾಮಿನ ಸರಕಿಗೆಂದು ತೆಗೆದಿಟ್ಟ ಬಂಡವಾಳವೇ ಅದಕ್ಕೆ ಹೋಗಬೇಕಿತ್ತು.

ಮಂದ ಬೆಳಕಿನ ಕೊಠಡಿ, ನೆಲದ ಮೇಲೆ ಚಾಪೆ, ಮುಚ್ಚಿದ ಕಣ್ಣು, ಬಂದ್ ಮಾಡಿದ ಮೊಬೈಲ್. ಮೊದಲ ಹತ್ತು ನಿಮಿಷ ಅವರ ತಲೆಯಲ್ಲಿ ಬಾಕಿದಾರರ ಹೆಸರುಗಳೇ ಸುಳಿದವು. ಬಳಿಕ ಒಂದು ದೊಡ್ಡ ಬಟ್ಟಲಿನ ನಾದ ಎಲ್ಲಿ ಮುಗಿಯುವುದೆಂದು ಕಿವಿಗೊಟ್ಟು ಆಲಿಸತೊಡಗಿದರು, ಉಸಿರು ನಿಧಾನವಾಯಿತು. ಪಕ್ಕದ ಚಾಪೆಯಿಂದ ಗೊರಕೆ ಕೇಳಿದಾಗ ನಗೆಯೂ ಬಂದಿತು. ಆ ರಾತ್ರಿ ಅವರಿಗೆ ಒಳ್ಳೆಯ ನಿದ್ರೆ ಬಂದಿತು. ಮರುರಾತ್ರಿ ಎಂದಿನಂತೆ ಎರಡು ಗಂಟೆಗೆ ಎಚ್ಚರವಾಯಿತು.

ಶಿಬಿರದ ಕೊನೆಯಲ್ಲಿ ಮಾರಾಟಕ್ಕಿಟ್ಟ ಬಟ್ಟಲುಗಳು ಸಪ್ತಲೋಹದವು, ರಕ್ತದೊತ್ತಡವನ್ನೂ ಮಧುಮೇಹವನ್ನೂ ಗುಣಪಡಿಸುತ್ತವೆ ಎಂದು ಹೇಳಲಾಯಿತು. ರಕ್ತದೊತ್ತಡಕ್ಕೆ ದಿನವೂ ಮಾತ್ರೆ ಸೇವಿಸುವ ಆ ವ್ಯಾಪಾರಿ ಕೇಳಿದ್ದು ಒಂದೇ ಪ್ರಶ್ನೆ: “ಸ್ವಾಮಿ, ಈ ಮಾತನ್ನು ಬಿಲ್ಲಿನ ಮೇಲೆ ಬರೆದು ಕೊಡುತ್ತೀರಾ?” ಉತ್ತರ ಬರಲಿಲ್ಲ.

ಲೋಹದ ವಿಷಯದಲ್ಲಿ ಭಾಂಡೆ ವ್ಯಾಪಾರಿಯನ್ನು ಮರುಳುಗೊಳಿಸುವುದು ಕಷ್ಟ. ಉತ್ತಮ ನಾದ ಬಟ್ಟಲು ಮುಖ್ಯವಾಗಿ ಕಂಚಿನದು. ಸುಮಾರು ನಾಲ್ಕು ಪಾಲು ತಾಮ್ರ, ಒಂದು ಪಾಲು ತವರ. ಇಷ್ಟು ತವರ ಬೆರೆತ ಕಂಚು ತಣ್ಣಗಿರುವಾಗ ಬಡಿದರೆ ಒಡೆಯುತ್ತದೆ. ಆದ್ದರಿಂದ ಕೆಂಪಗೆ ಕಾಯಿಸಿ ಬಡಿದು, ಬಳಿಕ ನೀರಿನಲ್ಲಿ ಅದ್ದುತ್ತಾರೆ. ದಕ್ಷಿಣ ಭಾರತದಲ್ಲಿಯೂ ಈ ಕೌಶಲ ಪುರಾತನವಾದದ್ದು. ಕೇರಳದ ಇಂಥ ಕಂಚಿನ ಪಾತ್ರೆಗಳ ಕುರಿತು ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಶಾರದಾ ಶ್ರೀನಿವಾಸನ್ ಅವರು ಸಂಶೋಧನೆ ನಡೆಸಿದ್ದಾರೆ. ತಾಮ್ರ ಮತ್ತು ಸತುವಿನ ಹಿತ್ತಾಳೆ ಬಟ್ಟಲು ಅಗ್ಗ. ಆದರೆ ಅದರ ನಾದ ಬೇಗ ಅಡಗುತ್ತದೆ. ಮೇಜಿನ ಮೇಲಿದ್ದ ಬಹುಪಾಲು ಬಟ್ಟಲುಗಳು ಹಿತ್ತಾಳೆಯವೆಂದು ಅವರ ಕಿವಿ ತೀರ್ಪು ನೀಡಿತು.

‘ಪುರಾತನ ಟಿಬೆಟಿನ ಚಿಕಿತ್ಸೆ’ ಎಂಬ ಮಾತನ್ನೂ ಎಚ್ಚರಿಕೆಯಿಂದ ಕೇಳಬೇಕು. ಮುಂಡಗೋಡದಲ್ಲಿ 1966ರಲ್ಲಿ ಟಿಬೆಟನ್ನರ ವಸಾಹತು ಸ್ಥಾಪನೆಯಾಯಿತು. ಡ್ರೆಪುಂಗ್ ಮತ್ತು ಗಾಂಡೆನ್ ವಿಹಾರಗಳು ಅಲ್ಲಿವೆ. ಅಲ್ಲಿನ ಪೂಜೆಯಲ್ಲಿ ಉದ್ದನೆಯ ಕಹಳೆ, ತಾಳ, ನಗಾರಿ, ಕೈಗಂಟೆಗಳಿಗೆ ಪ್ರಮುಖ ಸ್ಥಾನವಿದೆ. ಬಟ್ಟಲುಗಳ ನಾದದಿಂದ ವಿಶ್ರಾಂತಿ ಪಡೆಯುವ ರೂಢಿ ಮಾತ್ರ ಹೆಚ್ಚಾಗಿ ಪಾಶ್ಚಾತ್ಯ ದೇಶಗಳಲ್ಲಿ, 1970ರ ದಶಕದಿಂದೀಚೆಗೆ ಬೆಳೆದದ್ದು. 1972ರಲ್ಲಿ ಹೊರಬಂದ ‘ಟಿಬೆಟನ್ ಬೆಲ್ಸ್’ ಧ್ವನಿಮುದ್ರಿಕೆ ಈ ನಾದವನ್ನು ಅಲ್ಲಿ ಪ್ರಸಿದ್ಧಗೊಳಿಸಿತು.

ಹಾಗಾದರೆ ಇದರಲ್ಲಿ ಹುರುಳಿಲ್ಲವೇ? ಹಾಗೂ ಅಲ್ಲ. ಅಮೆರಿಕದಲ್ಲಿ 62 ಜನರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ನಾದಧ್ಯಾನದ ಬಳಿಕ ಉದ್ವೇಗ, ಸಿಟ್ಟು, ಆಯಾಸಗಳು ಕಡಿಮೆಯಾದದ್ದು ಕಂಡುಬಂದಿತು. ಆದರೆ ಹೋಲಿಕೆಗಾಗಿ ಬೇರೊಂದು ಗುಂಪನ್ನು ಅದರಲ್ಲಿ ಇಟ್ಟಿರಲಿಲ್ಲ. ಸುಮ್ಮನೆ ಮಲಗಿದ್ದರೂ ಇಷ್ಟೇ ಫಲ ದೊರೆಯುತ್ತಿತ್ತೇ ಎಂಬುದು ಅದರಿಂದ ತಿಳಿಯದು. ವಿಶ್ರಾಂತಿ ಬೇರೆ, ಚಿಕಿತ್ಸೆ ಬೇರೆ.

ವರ್ತಕರು ಈ ವ್ಯತ್ಯಾಸವನ್ನು ಮರೆಯಬಾರದು. ರಕ್ತದೊತ್ತಡ, ಮಧುಮೇಹ ಮುಂತಾದ ರೋಗಗಳನ್ನು ಗುಣಪಡಿಸುವುದಾಗಿ ಜಾಹೀರಾತು ನೀಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿರ್ಬಂಧಿಸುತ್ತದೆ. ದಾರಿತಪ್ಪಿಸುವ ಜಾಹೀರಾತುಗಳ ವಿರುದ್ಧ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿಯೂ ಕ್ರಮಕ್ಕೆ ಅವಕಾಶವಿದೆ. ‘ಸಗಟು ಮಾರಾಟಗಾರರು ಹೇಳಿದ್ದನ್ನೇ ಹೇಳಿದೆವು’ ಎಂಬ ಸಮಜಾಯಿಷಿಯನ್ನು ನಂಬಿ ಕೂರುವುದು ಜಾಣತನವಲ್ಲ.

ಇಂದೂರಿನ ವ್ಯಾಪಾರಿ ನಲವತ್ತರ ಬದಲು ಆರು ಬಟ್ಟಲುಗಳನ್ನು, ಅವೂ ಕಂಚಿನವನ್ನು, ತಮಗೆ ಪರಿಚಿತ ತಯಾರಕರಿಂದಲೇ ತರಿಸಿದರು. ಪ್ರತಿಯೊಂದಕ್ಕೂ ಲೋಹ, ತೂಕ, ದರ ನಮೂದಿಸಿದ ಚೀಟಿಯಿದೆ, ರೋಗದ ಹೆಸರಿಲ್ಲ. ಮದುವೆ ಹಂಗಾಮಿನ ಬಂಡವಾಳ ಉಳಿದಿದೆ, ಮಾತ್ರೆಯೂ ತಪ್ಪಿಲ್ಲ. ರಾತ್ರಿ ಅಂಗಡಿ ಮುಚ್ಚುವ ಮುನ್ನ ಒಂದು ಬಟ್ಟಲನ್ನು ಮೆಲ್ಲನೆ ಬಾರಿಸಿ, ನಾದ ಅಡಗುವವರೆಗೆ ಕುಳಿತಿರುವುದು ಅವರ ರೂಢಿಯಾಗಿದೆ. ಬಾಕಿದಾರರು ಅಲ್ಲಿಯವರೆಗೆ ಕಾಯಬಲ್ಲರು.