ಖಗ್ರಾಸ ಗ್ರಹಣಕ್ಕೆ ಪಯಣ: ಊರನ್ನು ಆರಿಸುವ ಬಗೆ

ಗ್ರಹಣವು ತಾನಾಗಿಯೇ ಬಂದು ಹೋಗುವಂಥದು. ಅದನ್ನು ನೋಡಲು ರೈಲು ಹತ್ತಿ ಪರವೂರಿಗೆ ಏಕೆ ಹೋಗಬೇಕು ಎಂದು ಕೇಳುವವರುಂಟು. ಕೇಳತಕ್ಕ ಪ್ರಶ್ನೆಯೇ. ಹೋಟೆಲಿನ ಮಾಣಿಗಾಗಲಿ ಕಚೇರಿಯ ಗುಮಾಸ್ತನಿಗಾಗಲಿ ರಜೆಯೆಂಬುದು ಸಂಬಳದಂತೆಯೇ ಎಣಿಸಿ ಸಿಕ್ಕುವ ವಸ್ತು. ಊರಿನ ಜಾತ್ರೆಗೋ ತಂಗಿಯ ಮದುವೆಗೋ ಕೂಡಿಟ್ಟ ರಜೆಯನ್ನು ಎರಡು ಮೂರು ನಿಮಿಷಗಳ ನೋಟಕ್ಕಾಗಿ ವ್ಯಯಿಸಬೇಕಾದರೆ ತಕ್ಕ ಕಾರಣವಿರಬೇಕು.

ಕಾರಣವುಂಟು. ಚಂದ್ರನ ದಟ್ಟ ನೆರಳು ಭೂಮಿಯ ಮೇಲೆ ಒಂದು ಕಿರಿದಾದ ಪಟ್ಟಿಯಲ್ಲಿ ಮಾತ್ರ ಹಾದುಹೋಗುತ್ತದೆ. ಆ ಪಟ್ಟಿಯೊಳಗೆ ನಿಂತವರಿಗೆ ಖಗ್ರಾಸ. ಹೊರಗಿನವರಿಗೆ ಬರಿಯ ಪಾರ್ಶ್ವಗ್ರಹಣ. ಸೂರ್ಯಬಿಂಬದ ನೂರರಲ್ಲಿ ತೊಂಬತ್ತೊಂಬತ್ತು ಪಾಲು ಮರೆಯಾದರೂ ಉಳಿದೊಂದು ಪಾಲು ಹಗಲನ್ನು ಹಗಲಾಗಿಯೇ ಉಳಿಸುತ್ತದೆ. ಅದೂ ಮುಚ್ಚಿದಾಗಲೇ ಸೂರ್ಯನ ಸುತ್ತಣ ಬಿಳಿಯ ಪ್ರಭಾವಲಯವು ತೋರುವುದು, ಹಗಲಿನಲ್ಲಿ ಶುಕ್ರಗ್ರಹವು ಬೆಳಗುವುದು. ಒಂದೇ ಸ್ಥಳಕ್ಕೆ ಇಂತಹ ಯೋಗವು ಸರಾಸರಿ ಮುನ್ನೂರು ನಾನ್ನೂರು ವರ್ಷಗಳಿಗೊಮ್ಮೆ ಮಾತ್ರ ಬರುತ್ತದೆ. 1980ರ ಫೆಬ್ರುವರಿ 16ರಂದು ಹುಬ್ಬಳ್ಳಿ, ಗದಗ, ರಾಯಚೂರುಗಳ ಮೇಲೆ ಆ ನೆರಳು ಹಾದುಹೋಯಿತು. ಅಂದು ಕದ ಹಾಕಿಕೊಂಡು ಒಳಗೆ ಕುಳಿತವರಿಗೆ ಅದೇ ಮನೆಯಲ್ಲಿ ಮತ್ತೊಮ್ಮೆ ನೋಡುವ ಆಸೆಯಿಲ್ಲ. ಆದುದರಿಂದ ಗ್ರಹಣವಿದ್ದಲ್ಲಿಗೆ ನಾವೇ ಹೋಗಬೇಕು.

ಊರನ್ನು ಆರಿಸುವುದು ಹೇಗೆಂಬುದಕ್ಕೆ 2009ರ ಜುಲೈ 22ರ ಗ್ರಹಣವು ಒಳ್ಳೆಯ ಪಾಠ. ಅಂದು ಬೆಳಿಗ್ಗೆ ಆರೂವರೆಯ ಆಸುಪಾಸಿನಲ್ಲಿ ಸೂರತ್ತು, ಇಂದೂರು, ಭೋಪಾಲ, ಕಾಶಿ, ಪಾಟ್ನಾಗಳು ಪಟ್ಟಿಯೊಳಗಿದ್ದವು. ಮುಂಬಯಿಯಿಂದ ಸೂರತ್ತು ಒಂದು ರಾತ್ರಿಯೂ ಹಿಡಿಯದ ಪ್ರಯಾಣ. ಬಿಹಾರದ ತರೇಗ್ನಾ ಎಂಬ ಸಣ್ಣ ಊರಿನಲ್ಲಿ ಖಗ್ರಾಸವು 3 ನಿಮಿಷ 48 ಸೆಕೆಂಡು ಇರುವುದೆಂದು ಸಹಸ್ರಾರು ಮಂದಿ ಅಲ್ಲಿಗೆ ನೆರೆದರು. ಆದರೆ ಅದು ಮಳೆಗಾಲ. ಸೂರತ್ತಿನಲ್ಲಿಯೂ ತರೇಗ್ನಾದಲ್ಲಿಯೂ ಮೋಡ ಕವಿದು, ಕತ್ತಲೆಯಾದುದಷ್ಟೇ ಜನರಿಗೆ ದಕ್ಕಿತು. ಕಾಶಿಯವರಿಗೆ ಮಾತ್ರ ಗ್ರಹಣವು ಕಂಡಿತು. ಅಲ್ಲಿಯೂ ಘಾಟಿನ ನೂಕುನುಗ್ಗಲಿಗೆ ವೃದ್ಧೆಯೊಬ್ಬರು ಬಲಿಯಾದರು. ಇದಕ್ಕೆ ಬದಲಾಗಿ, 1995ರ ಅಕ್ಟೋಬರ್ 24ರಂದು ರಾಜಸ್ಥಾನದ ನೀಮ್ ಕಾ ಥಾನಾದಲ್ಲಿ ಖಗ್ರಾಸವಿದ್ದುದು ಒಂದು ನಿಮಿಷಕ್ಕೂ ಕಡಿಮೆ. ಆದರೆ ಶರತ್ಕಾಲದ ಆಕಾಶ ತಿಳಿಯಾಗಿದ್ದುದರಿಂದ ಹೋದವರು ಕಣ್ತುಂಬ ನೋಡಿ ಬಂದರು. ಎಷ್ಟು ನಿಮಿಷವೆಂದು ಎಣಿಸುವುದಕ್ಕೆ ಮುಂಚೆ ಆ ತಿಂಗಳಲ್ಲಿ ಆ ಊರಿನ ಆಕಾಶ ಹೇಗಿರುವುದೆಂದು ವಿಚಾರಿಸತಕ್ಕದ್ದು.

ಎರಡನೆಯದು ವಸತಿ. ಹೋಟೆಲು ನಡೆಸಿದ ಅನುಭವದಿಂದ ಹೇಳುತ್ತೇವೆ: ಒಂದೇ ದಿನಕ್ಕೆ ಪರಊರಿನವರೆಲ್ಲ ನುಗ್ಗಿದಾಗ ಕೋಣೆಯ ಬಾಡಿಗೆ ಮಾಲಿಕನು ಹೇಳಿದಷ್ಟು, ಇಡ್ಲಿ ಹಿಟ್ಟು ಒಂಬತ್ತು ಗಂಟೆಗೇ ಖಾಲಿ. ಮುಂಗಡ ಕೊಟ್ಟು ರಸೀದಿ ಪಡೆಯಿರಿ. ಹೋಗುವ ಟಿಕೇಟಿನ ಜತೆಗೇ ಮರಳುವ ಟಿಕೇಟನ್ನೂ ಮಾಡಿಸಿರಿ. ಗ್ರಹಣ ಮುಗಿದ ಮರುಗಳಿಗೆಯಲ್ಲಿ ಎಲ್ಲರೂ ಒಂದೇ ಸ್ಟೇಶನ್ನಿಗೆ ಧಾವಿಸುವರು.

ಮೂರನೆಯದು ಕಣ್ಣು. ಎಕ್ಸ್‌ರೇ ಫಿಲ್ಮು, ಮಸಿ ಹಿಡಿಸಿದ ಗಾಜು, ಸಗಣಿ ನೀರಿನ ಬೋಗುಣಿ, ಇವಾವುವೂ ಸುರಕ್ಷಿತವಲ್ಲ. ಗ್ರಹಣಕ್ಕೆಂದೇ ತಯಾರಾದ, ಐಎಸ್‌ಒ 12312-2 ಗುರುತಿನ ಕನ್ನಡಕವೇ ಬೇಕು. ಬಿಂಬವು ಪೂರ್ಣವಾಗಿ ಮುಚ್ಚಿರುವಾಗ ಮಾತ್ರ ಅದನ್ನು ತೆಗೆಯಬಹುದು; ಬೆಳಕಿನ ಮೊದಲ ಕಿಡಿ ಕಂಡೊಡನೆ ಮತ್ತೆ ಧರಿಸಬೇಕು. ಪಾರ್ಶ್ವಗ್ರಹಣವನ್ನು ನೋಡಲು ಬೂಂದಿ ಕರಿಯುವ ತೂತಿನ ಸಟ್ಟುಗವೂ ಸಾಕು. ಸೂರ್ಯನಿಗೆ ಬೆನ್ನು ಮಾಡಿ, ಬಿಸಿಲಿಗೆ ಹಿಡಿದರೆ ಒಂದೊಂದು ತೂತೂ ನೆಲದ ಮೇಲೆ ಒಂದೊಂದು ಅರೆಸೂರ್ಯನನ್ನು ಮೂಡಿಸುತ್ತದೆ.

ಗ್ರಹಣಕಾಲದಲ್ಲಿ ಒಲೆ ಹಚ್ಚದ ಹೋಟೆಲುಗಳು ನಮ್ಮವರಲ್ಲಿ ಇಂದಿಗೂ ಉಂಟು. ಆಚಾರವುಳ್ಳವರು ಉಪವಾಸವಿದ್ದು, ಮೋಕ್ಷದ ಬಳಿಕ ಸ್ನಾನ ಮಾಡಲಿ. ಉಪವಾಸಕ್ಕೂ ನೋಟಕ್ಕೂ ವಿರೋಧವಿಲ್ಲ. ಒಲೆ ಹಚ್ಚದ ಆ ಹೊತ್ತು ಕೆಲಸಗಾರನಿಗೆ ಬಿಡುವೂ ಹೌದು.

ಇನ್ನು ಮುಂದಿನ ಲೆಕ್ಕ. 2027ರ ಆಗಸ್ಟ್ 2ರ ಗ್ರಹಣದ ಪಟ್ಟಿಯಲ್ಲಿ ಈಜಿಪ್ಟಿನ ಲಕ್ಸರ್ ನಗರವಿದೆ. ಅಲ್ಲಿ ಖಗ್ರಾಸವು ಆರು ನಿಮಿಷಗಳಿಗೂ ಮೀರಿದ್ದು. ಆ ತಿಂಗಳಲ್ಲಿ ಅಲ್ಲಿ ಮೋಡವೇ ಅಪರೂಪ, ಸೆಕೆ ಮಾತ್ರ ವಿಪರೀತ. ಅರಬಸ್ಥಾನದ ಜಿದ್ದಾ ನಗರವೂ ಅದೇ ಪಟ್ಟಿಯಲ್ಲಿರುವುದರಿಂದ ಅಲ್ಲಿ ದುಡಿಯುವ ನಮ್ಮ ಕರಾವಳಿಯವರಿಗೆ ಮಾಳಿಗೆ ಹತ್ತಿದರೆ ಸಾಕು. ಭಾರತದ ನೆಲಕ್ಕೆ ಖಗ್ರಾಸವು ಬರುವುದು 2034ರ ಮಾರ್ಚ್ 20, ಸೋಮವಾರ, ಕಾರ್ಗಿಲ್ ಕಡೆಗೆ. ಆ ಕಾಲದಲ್ಲಿ ಅಲ್ಲಿ ಹಿಮ. ಜೋಜಿಲಾ ಕಣಿವೆಯ ದಾರಿ ಮುಚ್ಚುವುದು ವಾಡಿಕೆ. ಇತ್ತ ಗುಮಾಸ್ತರಿಗೆ ವರ್ಷಾಂತ್ಯದ ಲೆಕ್ಕಪತ್ರ, ಮಕ್ಕಳಿಗೆ ಪರೀಕ್ಷೆ. ಸಾಹೇಬರು ರಜೆಗೆ ಸುಲಭವಾಗಿ ಸಹಿ ಮಾಡಲಾರರು.

ಆದುದರಿಂದ ಕೋಣೆಯ ಗೆಳೆಯರು ನಾಲ್ವರು ಸೇರಿ ತಿಂಗಳಿಗಿಷ್ಟೆಂದು ಈಗಲೇ ಒಂದು ಚೀಟಿ ಕಟ್ಟಿಕೊಳ್ಳುವುದು ಲೇಸು. ರಜೆಯ ಮಾತನ್ನೂ ಮಾಲಿಕರ ಕಿವಿಗೆ ಹಿಂದಿನ ದೀಪಾವಳಿಯಲ್ಲಿಯೇ ಹಾಕಿಡಿ.