ಕೋಟೆ ಬಿದ್ದರೂ ಬಿಲ್ಲೆ ಗೆದ್ದಿತು!

ಇನ್ನೂ ಬೆಳಕು ಹರಿದಿಲ್ಲ. ಅಮೆರಿಕದ ಲಾಸ್ ವೇಗಾಸ್ ನಗರದ ಬೆಲಾಜಿಯೋ ಕ್ಯಾಸಿನೋ ಮುಂದೆ ಮೋಟಾರ್ ಸೈಕಲ್ಲೊಂದು ಬಂದು ನಿಲ್ಲುತ್ತೆ. ಹೆಲ್ಮೆಟ್ ಕೂಡ ತೆಗೆಯದೆ ಒಬ್ಬ ಯುವಕ ಸೀದಾ ಜೂಜಿನ ಮೇಜಿಗೆ ನುಗ್ತಾನೆ. ಕೈಯಲ್ಲಿ ಪಿಸ್ತೂಲು! ಮೇಜಿನ ಮೇಲಿದ್ದ ಬಿಲ್ಲೆಗಳನ್ನೆಲ್ಲ ಬಾಚ್ಕೊಂಡು ಪರಾರಿ! ಅವುಗಳ ಬೆಲೆ ಸುಮಾರು 15 ಲಕ್ಷ ಡಾಲರು.

ಯಾವ ಪಿಕ್ಚರ್ ಗುರು ಇದು ಅಂತೀರಾ? ಪಿಕ್ಚರ್ ಅಲ್ಲ, 2010ರ ಡಿಸೆಂಬರಿನಲ್ಲಿ ನಿಜವಾಗಿ ನಡೆದದ್ದು. ಜಾರ್ಜ್ ಕ್ಲೂನಿಯ ತಂಡ ಇದೇ ಬೆಲಾಜಿಯೋಗೆ ಕನ್ನ ಹಾಕುವ 'ಓಷನ್ಸ್ ಇಲೆವೆನ್' 2001ರಲ್ಲೇ ತೆರೆ ಕಂಡಿತ್ತು. ಆದರೆ ಕ್ಲೂನಿ ಹೊಡೆದದ್ದು ನೋಟು. ಈ ಪುಣ್ಯಾತ್ಮ ಹೊಡೆದದ್ದು ಬಿಲ್ಲೆ. ಅಲ್ಲೇ ಎಡವಿದ್ದು!

ಕ್ಯಾಸಿನೋದವರು ಮಾಡಿದ್ದಿಷ್ಟೆ. 25,000 ಡಾಲರಿನ ಆ ನಮೂನೆಯ ಬಿಲ್ಲೆ ಇನ್ನು ರದ್ದು, ಇಂಥ ತಾರೀಖಿನೊಳಗೆ ತಂದು ಬದಲಾಯಿಸಿಕೊಳ್ಳಿ ಅಂತ ಸಾರಿಬಿಟ್ಟರು. ಕಳ್ಳ ಕೌಂಟರಿಗೆ ಹೋಗೋದುಂಟೆ? ಗುಟ್ಟಾಗಿ ಮಾರಲು ಹೊರಟ. ಕೊಳ್ಳಲು ಬಂದವನೇ ಮಫ್ತಿ ಪೊಲೀಸು! 2011ರಲ್ಲಿ ಸಿಕ್ಕಿಬಿದ್ದ. ವಿಧಿಯಾಟ ನೋಡಿ, ಹುಡುಗ ಒಬ್ಬ ಜಡ್ಜ್ ಸಾಹೇಬರ ಮಗ!

ನೀತಿ ಏನಪ್ಪಾ ಅಂದರೆ, ಬಿಲ್ಲೆಯ ಮೇಲಿನ ಅಂಕಿ ದುಡ್ಡಲ್ಲ, ಅದು ಮನೆಯ ಯಜಮಾನ ಕೊಟ್ಟ ಮಾತು. ಯಜಮಾನ ಮಾತು ಹಿಂತೆಗೆದರೆ ಅಂಕಿ ಸತ್ತಂತೆ.

ಈಗ ಕಥೆಯ ಇನ್ನೊಂದು ರೀಲು ನೋಡಿ. ಬೆಲಾಜಿಯೋ ತೆರೆದದ್ದು 1998ರಲ್ಲಿ. ಅದಕ್ಕೂ ಮುಂಚೆ ಅದೇ ಜಾಗದಲ್ಲಿ 'ಡ್ಯೂನ್ಸ್' ಅನ್ನೋ ಕ್ಯಾಸಿನೋ ಇತ್ತು. 1955ರಲ್ಲಿ ಶುರುವಾದ ಅದನ್ನು 1993ರಲ್ಲಿ ಸಿಡಿಮದ್ದು ಇಟ್ಟು ಉರುಳಿಸಿದರು. ಇವತ್ತು ಡ್ಯೂನ್ಸ್ ಬಿಲ್ಲೆಗೆ ಹಣ ಕೊಡೋ ಕೌಂಟರೇ ಇಲ್ಲ. ಆದರೂ ಸಂಗ್ರಹಕಾರರು ಅದಕ್ಕಾಗಿ ಹುಡುಕಾಡ್ತಾರೆ! ಯಾಕೆ? ಮುಚ್ಚಿದ ಕ್ಯಾಸಿನೋ ತನ್ನ ಬಿಲ್ಲೆಗಳನ್ನು ನಾಶ ಮಾಡುತ್ತೆ. ಯಾರೋ ನೆನಪಿಗೆ ಅಂತ ಜೇಬಿಗಿಳಿಸಿ ತಂದ ನಾಲ್ಕಾರು ಮಾತ್ರ ಉಳಿಯುತ್ತವೆ. ದೊಡ್ಡ ಅಂಕಿಯ ಬಿಲ್ಲೆಯನ್ನು ಯಾರು ತಾನೆ ನೆನಪಿಗೆ ಇಟ್ಕೋತಾರೆ? ನಗದು ಮಾಡ್ಕೊಂಡೇ ಹೋಗ್ತಾರೆ. ಅದಕ್ಕೇ ಅದು ಇನ್ನೂ ಅಪರೂಪ.

ಇನ್ನು ಕಾನೂನಿಗೆ ಹೆದರಿ ಕದ್ದು ನಡೆಸುತ್ತಿದ್ದ ಅಡ್ಡೆಗಳ ಬಿಲ್ಲೆ. ಅದರಲ್ಲಿ ಹೆಸರು ಎಲ್ಲಿ ಬಂತು? ಬರೀ ಎರಡು ಅಕ್ಷರ, ಇಲ್ಲವೆ ಒಂದು ಗುರುತು. ಷಿಕಾಗೋದ ಮೇಸನ್ ಕಂಪನಿಯಂಥವರ ಹಳೆಯ ಆರ್ಡರ್ ಕಾರ್ಡುಗಳನ್ನು ಜಾಲಾಡಿ, ಇದು ಯಾವ ಊರಿನ ಯಾವ ಅಡ್ಡೆಯದು ಅಂತ ಪತ್ತೆ ಹಚ್ಚುತ್ತಾರೆ. ನಮ್ಮ ಸಿ.ಐ.ಡಿ.ಗಳಿಗೇನು ಕಮ್ಮಿ! ಊರು ಗೊತ್ತಾಯಿತೋ, ಬೆಲೆ ಏರಿತು.

ಮನೆಯಲ್ಲಿ ಆಡೋ ಬಿಲ್ಲೆಗಳ ಜಾತಿಯೇ ಬೇರೆ. ಹಿಂದೆ ಆನೆದಂತ, ಮೂಳೆ, ಮುತ್ತಿನ ಚಿಪ್ಪು. 1880ರ ದಶಕದಿಂದೀಚೆಗೆ ಜೇಡಿಮಣ್ಣಿಗೆ ಅರಗು ಬೆರೆಸಿ ಅಚ್ಚೊತ್ತಿದವು. ಇವುಗಳಲ್ಲಿ ಸಾದಾ ಬಿಲ್ಲೆ ನೂರು ವರ್ಷ ಹಳೆಯದಾದರೂ ಅಗ್ಗ. ಕುದುರೆ, ನಾಯಿ, ಹೂವಿನ ಚಿತ್ರ ಕೆತ್ತಿದ್ದರೆ ಮಾತ್ರ ಕಾಸು. ದಂತದ ತಂಟೆಗೆ ಮಾತ್ರ ಹೋಗಬೇಡಿ, ಭಾರತದಲ್ಲಿ ಅದರ ವ್ಯಾಪಾರವೇ ಅಪರಾಧ.

1930-40ರ ಹೊತ್ತಿಗೆ ಬೇಕಲೈಟ್ ಮತ್ತು ಅದರ ತಮ್ಮ ಕ್ಯಾಟಲಿನ್ ಬಂದವು. ಇವು ಪ್ಲಾಸ್ಟಿಕ್ಕಿಗಿಂತ ತೂಕ. ಒಂದಕ್ಕೊಂದು ತಾಗಿದರೆ 'ಟಕ್' ಅಂತ ಗಟ್ಟಿ ಸದ್ದು. ಬೆಳ್ಳಗಿದ್ದದ್ದು ವರ್ಷ ಕಳೆದಂತೆ ಜೇನಿನ ಬಣ್ಣಕ್ಕೆ ತಿರುಗಿರುತ್ತೆ. ಬೆರಳಿನಲ್ಲಿ ಬಿಸಿಯಾಗೋ ತನಕ ತಿಕ್ಕಿ ಮೂಸಿ. ಕಾಲೇಜಿನ ಲ್ಯಾಬಿನಲ್ಲಿ ಕಪ್ಪೆ ಇಟ್ಟಿದ್ದ ಬಾಟಲಿಯ ವಾಸನೆ ಬಂತೋ, ಅಸಲಿ! (ನಾನು ಪಿಯುಸಿ ಅರ್ಧಕ್ಕೆ ಬಿಟ್ಟರೂ ಆ ವಾಸನೆ ಮರೆತಿಲ್ಲ.) ಕಾದ ಸೂಜಿ ಚುಚ್ಚಿ ನೋಡಿ ಅನ್ನೋರ ಮಾತು ಕೇಳಬೇಡಿ. ಕಲೆ ಬಿದ್ದ ಮೇಲೆ ಅಸಲಿಗೂ ಬೆಲೆ ಇಳಿಯುತ್ತೆ.

ಪೆಟ್ಟಿಗೆಯ ಸೊಗಸು ನೋಡಬೇಕು! ನಡುವೆ ಹಿಡಿ, ಸುತ್ತ ಬಿಲ್ಲೆಗಳ ಸಾಲು, ಮೇಲೊಂದು ಮುಚ್ಚಳ. ಬೆರಳು ತಾಗಿಸಿದರೆ ತೊಟ್ಟಿಲಿನಂತೆ ತಿರುಗುತ್ತೆ. ಇನ್ನೊಂದು ಬಗೆ ಇದೆ. ಕಪಾಟಿನಲ್ಲಿ ದಪ್ಪ ಪುಸ್ತಕದ ಹಾಗೆ ಸಭ್ಯವಾಗಿ ನಿಂತಿರುತ್ತೆ, ತೆರೆದರೆ ಒಳಗೆ ಇಸ್ಪೀಟು, ಬಿಲ್ಲೆ! ಎಷ್ಟೋ ಸಲ ಒಳಗಿನ ಸಾದಾ ಬಿಲ್ಲೆಗಿಂತ ಪೆಟ್ಟಿಗೆಗೇ ಹೆಚ್ಚು ಬೆಲೆ. ಆದರೆ ಮೋಸ ಆಗೋದೂ ಇಲ್ಲೇ. ಹಳೆ ಪೆಟ್ಟಿಗೆಗೆ ಹೊಸ ಬಿಲ್ಲೆ ತುಂಬಿ ಮಾರುವವರಿದ್ದಾರೆ. ಬಿಲ್ಲೆಗಳೆಲ್ಲ ಒಂದೇ ದಪ್ಪವೇ, ಗೂಡಿಗೆ ಸರಿಯಾಗಿ ಕೂರುತ್ತವೆಯೇ, ಒಂದೂ ಕಮ್ಮಿ ಇಲ್ಲವೇ, ಬಿರುಕಿದೆಯೇ, ಎಣಿಸಿ ನೋಡಿ. ಮಾರುವವ ಹೇಳಿದ್ದು ಬೆಲೆಯಲ್ಲ. ಅಂಥದ್ದೇ ಇನ್ನೊಂದು ಹರಾಜಿನಲ್ಲಿ ಎಷ್ಟಕ್ಕೆ ಹೋಯಿತೋ, ಅದು ಬೆಲೆ.

ಮುಂದಿನ ಸಲ ತೆರೆಯ ಮೇಲೆ ವಿಲನ್ ಬಿಲ್ಲೆಗಳ ರಾಶಿ ಮುಂದಕ್ಕೆ ತಳ್ಳಿದಾಗ ಅವನ ಮುಖ ನೋಡಬೇಡಿ ಸ್ವಾಮಿ, ಬಿಲ್ಲೆ ನೋಡಿ. ಡೆನ್ನು ಉರುಳಿ ವಿಲನ್ ಮಣ್ಣಾದ ಮೇಲೂ ಉಳಿಯೋದು ಅದೇ!